ಮನಿ ತುಂಬ ಮಂದಿ ಇದ್ದಾರ, ಮುತ್ಯಾಗೇನು ಕಮ್ಮಿ?

ಹುಮನಾಬಾದ್, ಬಸವಕಲ್ಯಾಣದ ಓಣಿಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಗ, ಸೊಸೆ, ಮೊಮ್ಮಕ್ಕಳಿರುವ ಮನೆಯಲ್ಲಿ ಒಂಟಿತನ ಇರಲಾರದು ಎಂಬ ನಂಬಿಕೆ ಇದರ ಹಿಂದಿದೆ. ಅದು ತಪ್ಪು. ಹೊತ್ತಿಗೆ ರೊಟ್ಟಿ, ಪಲ್ಯ ಮುಂದೆ ಬರುತ್ತದೆ. ಈ ಸಲ ತೊಗರಿ ಬಿತ್ತೋಣವೋ ಸೋಯಾ ಬಿತ್ತೋಣವೋ ಎಂದು ಮಾತ್ರ ಮುತ್ಯಾನನ್ನು ಯಾರೂ ಕೇಳುವುದಿಲ್ಲ. ಅಂಥ ಹಿರಿಯರು ತುಂಬಿದ ಮನೆಯಲ್ಲೇ ಒಂಟಿ.

'ಬರೀ ಬೇಸರ, ಅದೇನು ರೋಗವೇ' ಎನ್ನುವವರೂ ಇದ್ದಾರೆ. ಒಂಟಿತನದಿಂದ ಹೃದಯರೋಗ, ಪಾರ್ಶ್ವವಾಯು, ಖಿನ್ನತೆಯ ಅಪಾಯ ಹೆಚ್ಚುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಅಂದಾಜಿಸಿತು. ಅದಕ್ಕೂ ಮೊದಲು, 2010ರಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 148 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಗಟ್ಟಿ ಒಡನಾಟವಿದ್ದವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಎಂದು ಕಂಡುಬಂದಿತ್ತು. ಊಟ ಬಿಟ್ಟದ್ದು, ಬಿಪಿ ಗುಳಿಗೆ ಮರೆತದ್ದು ದಿನಾ ಮಾತಾಡಿಸುವವರಿಗೇ ಮೊದಲು ಗೊತ್ತಾಗುತ್ತದೆ. ಹೈದರಾಬಾದ್, ಪುಣೆಯಿಂದ ಮಕ್ಕಳು ಮಾಡುವ ಫೋನು ಬೇಕೇ ಬೇಕು, ಆದರೆ ಇಷ್ಟು ಅದಕ್ಕೆ ಕಾಣಿಸದು.

'ವಯಸ್ಸಾಯ್ತು, ಮಾತು ಕಡಿಮೆಯಾಗೋದು ಸಹಜ' ಎಂಬುದು ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಎಷ್ಟೋ ಸಲ ಕಾರಣ ಕಿವಿ. ಸರಿಯಾಗಿ ಕೇಳಿಸದವರು ನಾಲ್ಕು ಸಲ 'ಏನಂದಿ?' ಎಂದು ಕೇಳಿ, ಎದುರಿನವರ ಸಿಡುಕು ನೋಡಿ, ಆಮೇಲೆ ಅಗಸಿಕಟ್ಟೆಗೆ ಹೋಗುವುದನ್ನೇ ಬಿಡುತ್ತಾರೆ. ಮರೆಗುಳಿತನದ ಅಪಾಯ ಹೆಚ್ಚಿಸುವ, ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿತು. ಅದರಲ್ಲಿ ಶ್ರವಣದೋಷವೂ ಇದೆ, ಜನರಿಂದ ದೂರವಾಗುವುದೂ ಇದೆ. ಮೊದಲು ಕಿವಿ ತೋರಿಸಿ. ಬಡ ಹಿರಿಯರಿಗೆ ಶ್ರವಣಯಂತ್ರ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ.

'ಮೂಲೆಯಲ್ಲಿ ಕೂತು ಶಿವ ಶಿವ ಅಂದರೆ ಸಾಕು' ಎಂಬ ಮಾತು ಕಲ್ಯಾಣದ ನೆಲಕ್ಕಂತೂ ಒಪ್ಪದು. ಅಲ್ಲಮಪ್ರಭು, ಬಸವಣ್ಣನವರ ಕಾಲದಲ್ಲಿ ನಾನಾ ಕಾಯಕದ ಶರಣರು ಇಲ್ಲಿ ಕೂಡಿ ಕೂತು ಮಾತಾಡಿದರು. ಭಕ್ತಿ ಬೆಳೆದದ್ದೇ ಕೂಟದಲ್ಲಿ. ಮಾಣಿಕನಗರದ ಭಜನೆಗೆ, ವೀರಭದ್ರೇಶ್ವರ ಜಾತ್ರೆಗೆ ಹಿರಿಯರನ್ನು ಕರೆದೊಯ್ಯಿರಿ. ಬಸವಕಲ್ಯಾಣದ ಆಯಿಗೆ ಹುಮನಾಬಾದಿನ ತಂಗಿಯನ್ನು ನೋಡಬೇಕೆನಿಸಿದರೆ, ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡೂ ಬೇಕಿಲ್ಲ. ಮಾತಾಡಲು ಯಾರೂ ಇಲ್ಲದ ಹಿರಿಯರಿಗೆ 14567 ಸಹಾಯವಾಣಿಯೂ ಉಚಿತ. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡಿ.