ಎಂಜಿನ್ ಬೋರ್ ಮಾಡಿಸುವುದೋ, ಬದಲಿಸುವುದೋ?

ಕಾರಿನ ಎಂಜಿನ್ ಕೈಕೊಟ್ಟರೆ ಮಾಲೀಕರಿಗೆ ಮೂರು ದಾರಿಗಳಿವೆ. ಇರುವ ಎಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸುವುದು, ಬೇರೆ ಎಂಜಿನ್ ತಂದು ಕೂರಿಸುವುದು, ಇಲ್ಲವೇ ಕಾರನ್ನು ಇದ್ದ ಸ್ಥಿತಿಯಲ್ಲೇ ಮಾರಿಬಿಡುವುದು. ಬಾನೆಟ್ ಎತ್ತಿದ ಐದು ನಿಮಿಷಕ್ಕೇ ‘ಎಂಜಿನ್ ಹೋಯ್ತು’ ಎಂಬ ತೀರ್ಪು ಬರುವುದುಂಟು. ಆದರೆ ಕೆಟ್ಟಿದ್ದು ಯಾವ ಭಾಗ, ಎಷ್ಟು ಕೆಟ್ಟಿದೆ ಎಂಬುದು ಅಳತೆಗೆ ಸಿಕ್ಕುವವರೆಗೆ ಈ ಮೂರರಲ್ಲಿ ಯಾವುದನ್ನೂ ಆರಿಸಲಾಗದು.

ಮೊದಲ ಸುಳಿವು ಹೊಗೆಯ ಬಣ್ಣ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಕಪ್ಪು ಹೊಗೆ ಬಹುತೇಕ ಇಂಧನದ ದೋಷ, ಅದಕ್ಕಾಗಿ ಎಂಜಿನ್ ಇಳಿಸಬೇಕಿಲ್ಲ. ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದರೆ ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಪಿಸ್ಟನ್ ರಿಂಗ್ ದಾಟಿ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಪೆಟ್ರೋಲ್ ಕಾರಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಸ್ಪಾರ್ಕ್ ಪ್ಲಗ್ ಬಿಚ್ಚಿ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ನೋಡಬೇಕು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಏರಿದರೆ ತೊಂದರೆ ರಿಂಗ್ ಅಥವಾ ಬೋರಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ಅದಕ್ಕೆ ಹೆಡ್ ಬಿಚ್ಚಿದರೆ ಸಾಕು.

ದಾವಣಗೆರೆಯ ಬೇಸಿಗೆಯಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುವುದು ಆಶ್ಚರ್ಯವಲ್ಲ. ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣದಂಶ ಪದರಗಟ್ಟುತ್ತದೆ. ಎಂಜಿನ್ ಕಾದು ಅಲ್ಯುಮಿನಿಯಂ ಹೆಡ್ ಬಾಗುತ್ತದೆ. ತಾಪಮಾನದ ಮುಳ್ಳು ಕೆಂಪಿಗೆ ಹೋದೊಡನೆ ಗಾಡಿ ನಿಲ್ಲಿಸಿದ್ದರೆ ಹೆಡ್ಡನ್ನು ಮಟ್ಟ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಗಿಯಿತು. ‘ಮನೆ ಮುಟ್ಟಿಸೋಣ’ ಎಂದು ಓಡಿಸಿದ್ದರೆ ಪಿಸ್ಟನ್ ಕಚ್ಚಿಕೊಂಡು ಖರ್ಚು ಹಲವು ಪಟ್ಟು ಬೆಳೆಯುತ್ತದೆ.

ಎಂಜಿನ್ ಇಳಿಸಿದ ಮೇಲೆ ತೀರ್ಮಾನ ಮೆಷಿನ್ ಶಾಪಿನದು. ಬೋರಿನ ಮೇಲಂಚಿನಲ್ಲಿ ಉಗುರು ಎಳೆದರೆ, ಸವೆದ ಸಿಲಿಂಡರಿನಲ್ಲಿ ರಿಂಗ್ ನಿಲ್ಲುವ ಜಾಗಕ್ಕೆ ಅದು ಸಣ್ಣ ಮೆಟ್ಟಿಲಿಗೆ ತಾಗಿದಂತೆ ತಡೆಯುತ್ತದೆ. ಡಯಲ್ ಗೇಜ್ ಆ ಸವೆತವನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಹೇಳುತ್ತದೆ. ಬೋರ್ ಹಿಗ್ಗಿಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಬಹುದು, ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ ಅಷ್ಟೇ ದಪ್ಪನೆಯ ಬೇರಿಂಗ್ ಕೂರಿಸಬಹುದು. ಆ ಅಳತೆಯ ಪಿಸ್ಟನ್ ಮಾರುಕಟ್ಟೆಯಲ್ಲಿ ಸಿಗುತ್ತದೆಯೇ ಎಂದು ಬೋರ್ ಮಾಡಿಸುವ ಮೊದಲೇ ವಿಚಾರಿಸಬೇಕು. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನು ತೂತು ಮಾಡಿದ್ದರೆ ಬೋರಿನ ಮಾತೇ ಇಲ್ಲ.

ಈ ಅಳತೆಯ ಶಿಸ್ತು ಈ ಸೀಮೆಗೆ ಹೊಸದಲ್ಲ. ದಾವಣಗೆರೆಗೆ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಆ ಜಾಗಕ್ಕೆ ಯಂತ್ರಪುರ ಎಂಬ ಹೆಸರು ಉಳಿದಿದೆ. ಆದರೂ ಊರಿನ ಖ್ಯಾತಿ ನೋಡಿ ಎಂಜಿನ್ ಒಪ್ಪಿಸುವಂತಿಲ್ಲ. ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಡದ ಶಾಪಿನಿಂದ ದೂರವಿರುವುದೇ ಮೇಲು.

ಬೇರೆ ಎಂಜಿನ್ ಹಾಕಿಸಿದರೆ ದಿನಗಳು ಉಳಿಯುತ್ತವೆ. ಕಂಪನಿಯ ಹೊಸ ಎಂಜಿನ್ ದುಬಾರಿ; ಹಳೆಯ ಕಾರಿಗೆ ಅದು ದಂಡ. ಬೆಂಗಳೂರಿನ ಶಿವಾಜಿನಗರದಂಥ ಕಡೆ ಸಿಗುವ ಗುಜರಿ ಎಂಜಿನ್ ಅಗ್ಗ, ಆದರೆ ಅದು ಎಷ್ಟು ಓಡಿದೆಯೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಕಂಪ್ರೆಷನ್ ನೋಡದೆ, ಆಯಿಲ್ ಸಂಪ್ ಬಿಚ್ಚಿಸಿ ಲೋಹದ ಪುಡಿ ಇದೆಯೇ ಎಂದು ಪರೀಕ್ಷಿಸದೆ ಅದಕ್ಕೆ ಹಣ ಕೊಡಬಾರದು. ಎಂಜಿನ್ ಅದೇ ಮಾದರಿಯದು, ಅದೇ ಬಿಎಸ್ ಮಾನಕದ್ದೇ ಆಗಿರಬೇಕು. ಇಲ್ಲದಿದ್ದರೆ ಇಸಿಯು, ಸೆನ್ಸರ್‌ಗಳು ಹೊಂದುವುದಿಲ್ಲ.

ಹಣದ ಲೆಕ್ಕಕ್ಕೆ ಎಂಜಿನ್ನಿನ ಬೆಲೆಯೊಂದೇ ಸಾಲದು. ಸರಿಯಾಗಿ ಓಡುವ ಅದೇ ಕಾರು ಇಂದು ಎಷ್ಟಕ್ಕೆ ಹೋಗುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು. ರಿಪೇರಿ ಅದರ ಅರ್ಧ ದಾಟಿದರೆ ಮಾರುವುದೇ ಜಾಣತನ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹದಿನಾಲ್ಕನೇ ವರ್ಷದ ಕಾರಿನ ತಳ ತುಕ್ಕು ತಿಂದಿದ್ದರೆ ಅದಕ್ಕೆ ಹೊಸ ಉಸಿರು ತುಂಬುವುದು ವ್ಯರ್ಥ. ಬಾಡಿ, ಗೇರ್‌ಬಾಕ್ಸ್ ಗಟ್ಟಿಯಿದ್ದು ಬ್ಲಾಕೂ ಅಳತೆಯೊಳಗಿದ್ದರೆ ಬೋರ್ ಮಾಡಿಸುವುದೇ ಲಾಭ: ಒಳಗೆ ಏನು ಹಾಕಿದೆ ಎಂಬುದು ಮಾಲೀಕರಿಗೆ ಗೊತ್ತಿರುತ್ತದೆ, ಎಂಜಿನ್ ನಂಬರೂ ಬದಲಾಗುವುದಿಲ್ಲ.

ಬದಲಿಸುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಅನುಮತಿ ಪಡೆದು, 14 ದಿನದೊಳಗೆ ವರದಿ ಸಲ್ಲಿಸಿ, ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಕೆಎ-17 ನೋಂದಣಿಯ ಕಾರುಗಳಿಗೆ ಅದು ದಾವಣಗೆರೆ ಕಚೇರಿಯ ಕೆಲಸ. ಎಂಜಿನ್ ನಂಬರ್ ನಮೂದಿಸಿದ ಬಿಲ್ ಕೊಡಲೊಪ್ಪದ ವ್ಯಾಪಾರಿಯಿಂದ, ಎಷ್ಟೇ ಅಗ್ಗವಾದರೂ, ಎಂಜಿನ್ ಕೊಳ್ಳಬೇಡಿ.