ಬಿರಿದ ಎಂಜಿನ್ನಿಗೆ ಹೊಲಿಗೆ

1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಾರಿಸ್ ಮೈನರ್ ಎಂಬ ಪುಟ್ಟ ಕಾರಿನ ಎಂಜಿನ್ ಬ್ಲಾಕ್ ಎರಕದ ಕಬ್ಬಿಣದ್ದು. ಅದನ್ನು ತಂಪಿಡುವ ನೀರು ಚಳಿಗಾಲದ ರಾತ್ರಿ ಹೆಪ್ಪುಗಟ್ಟಿತೆನ್ನೋಣ. ಮಂಜುಗಡ್ಡೆಯ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹೆಚ್ಚು. ಬಾಗಲರಿಯದ ಕಬ್ಬಿಣ ಬಿರಿಯುತ್ತದೆ.

ಬೆಸೆದರೆ ಸಾಲದೆ? ಬೆಸೆದ ಭಾಗ ಆರುವಾಗ ಕುಗ್ಗುತ್ತದೆ. ಸುತ್ತಲಿನ ತಣ್ಣನೆಯ ಲೋಹವು ಅದರೊಡನೆ ಕುಗ್ಗದು. ಈ ಜಗ್ಗಾಟದಲ್ಲಿ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಮೂಡೀತು! ಅದನ್ನು ತಪ್ಪಿಸಲು ಇಡೀ ಬ್ಲಾಕನ್ನು ಮೊದಲೇ ಕಾಯಿಸಿ, ಬೆಸೆದ ಮೇಲೆ ಬಹು ಮೆಲ್ಲನೆ ಆರಿಸಬೇಕು.

ನೀರು ಹರಿಯುವ ಹೊರಗೋಡೆಯಷ್ಟೇ ಬಿರಿದಿದ್ದರೆ, ನಮಗೆ ಶಾಖವಿಲ್ಲದ ಹೊಲಿಗೆಯೇ ಮೇಲೆನಿಸುತ್ತದೆ. ಬಿರುಕಿನ ಉದ್ದಕ್ಕೂ ರಂಧ್ರಗಳನ್ನು ಕೊರೆದು, ಒಂದರ ಅಂಚನ್ನೊಂದು ಕಚ್ಚುವಂತೆ ತಿರುಪುಮೊಳೆಗಳನ್ನು ಬಿಗಿಯುತ್ತಾರೆ. ಹೊರಚಾಚಿದ ತಲೆಗಳನ್ನು ಉಜ್ಜಿ ಸಮಮಾಡಿ, ಒಳಗೆ ಒತ್ತಡ ಕೊಟ್ಟು ಸೋರಿಕೆಯನ್ನು ಪರೀಕ್ಷಿಸುತ್ತಾರೆ. ಮುಂದಿನ ಚಳಿಗಾಲಕ್ಕೆ ಮೊದಲು ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸಬೇಕು.