ಬಲ್ಮಠದ ಹಳೆಯ ಕಡತಗಳು

1834ರಲ್ಲಿ ಬಾಸೆಲ್ ಮಿಶನ್ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರನ್ನು ತಲುಪಿದರು. ಇಂದು ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯಕ್ಕೆ ಸೇರಿರುವ ಕರಾವಳಿಯ ಸಭೆಗಳ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಅದರ ದಾಖಲೆಗಳಲ್ಲಿ ಒಂದು ಪಾಲು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಇನ್ನೊಂದು ಪಾಲು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಭಂಡಾರದಲ್ಲಿದೆ.

ಪಾದ್ರಿಗಳು ತಾಯಿಸಂಸ್ಥೆಗೆ ಬರೆದ ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿನ ಜರ್ಮನರೇ ತಡವರಿಸಿ ಓದಬೇಕಾದ ಬರಹವದು!

ಸಭೆಗಳಲ್ಲಿ ಉಳಿದ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳ ಬೆಲೆ ಬೇರೆ ಬಗೆಯದು. ಮತಾಂತರ ಹೊಂದಿದವನಿಗೆ ಆ ಕಾಲದಲ್ಲಿ ಮನೆಯೂ ಕುಲವೂ ಎರವಾಗುತ್ತಿದ್ದುವು. 1850ರ ಕಾಯಿದೆ ಅವನ ಪಿತ್ರಾರ್ಜಿತದ ಹಕ್ಕನ್ನು ಕಾಯ್ದಿತೆಂಬುದು ನಿಜ. ಆದರೆ ಕಾಯಿದೆಯ ಮಾತಿಗೆ ಮನೆಯ ಕದ ತೆರೆಯುತ್ತಿರಲಿಲ್ಲ. ಅಂತಹವನ ಮಕ್ಕಳ ಹೆಸರು, ಹುಟ್ಟಿದ ದಿನ, ತಂದೆತಾಯಿಗಳಾರೆಂಬ ವಿವರ ಸೇರಿದ್ದು ಈ ಪುಸ್ತಕಗಳಲ್ಲಿ. ಜನನ ಮರಣಗಳ ಸರಕಾರಿ ನೋಂದಣಿ ಎಲ್ಲೆಡೆಗೂ ಮುಟ್ಟದಿದ್ದ ದಿನಗಳಲ್ಲಿ ಎಷ್ಟೋ ಕುಟುಂಬಗಳಿಗೆ ಲಿಖಿತ ಸಾಕ್ಷಿ ಇದೊಂದೇ.

1865ರಲ್ಲಿ ಮಿಶನ್ನು ಹಂಚಿನ ಕಾರ್ಖಾನೆಯನ್ನು ತೆರೆದು ಹೊಸ ಕ್ರೈಸ್ತರಿಗೆ ಅನ್ನದ ದಾರಿಯನ್ನು ತೋರಿತು. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕೈಬಿಟ್ಟುಹೋದುವು. ಸಭೆಗಳು ನಿಂತುವು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು.

ಈ ಕಾಗದಗಳಿಗೆ ಕರಾವಳಿಯ ಮಳೆಗಾಲವೇ ಶತ್ರು. ತೇವಕ್ಕೆ ಮಸಿ ಹರಡುತ್ತದೆ, ಹುಳು ಹಾಳೆಯನ್ನು ತೂತುಮಾಡುತ್ತದೆ. ಅಚ್ಚಾದ ವರದಿ ಹಾಳಾದರೆ ಬೇರೆಡೆ ಇನ್ನೊಂದು ಪ್ರತಿ ದೊರೆತೀತು. ಹಳ್ಳಿಯ ಸಭೆಯೊಂದರ ಕೈಬರಹದ ಪುಸ್ತಕಕ್ಕೆ ಸಾಮಾನ್ಯವಾಗಿ ಎರಡನೆಯ ಪ್ರತಿ ಇರುವುದಿಲ್ಲ.